ಹೆಸರು ತಡವಾಗಿ ಬಂದ ಗಂಟು

ಶಹಾಬಾದಿನ ಕಲ್ಲನ್ನು ಮೆಟ್ಟದ ವಾಚಕರು ವಿರಳ. ಅದರ ಹೆಸರು ತಿಳಿಯದೆ ಇದ್ದೀತು. ಆದರೆ ಹಳೆಯ ಶಾಲೆಯ ಪಡಸಾಲೆಯಲ್ಲಿಯೋ ರೈಲು ನಿಲ್ದಾಣದ ಕಟ್ಟೆಯ ಮೇಲೆಯೋ ಅಜ್ಜಿಯ ಮನೆಯ ಅಡಿಗೆಕೋಣೆಯಲ್ಲಿಯೋ ಆ ಬೂದು ಬಣ್ಣದ ಚಪ್ಪಡಿಯ ತಂಪು ಅಂಗಾಲಿಗೆ ಒಮ್ಮೆಯಾದರೂ ತಗುಲಿಯೇ ಇರುತ್ತದೆ. ಆ ಕಲ್ಲನ್ನು ನೆಲದಿಂದ ಎಬ್ಬಿಸುವವರ ನಡುವೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರು ನನ್ನ ಕಾಕಾ. ಶಹಾಬಾದಿನಿಂದ ವಾಡಿ, ಅಲ್ಲಿಂದ ಚಿತ್ತಾಪುರ, ಸೇಡಂ ಎಂದು ಹೊರಟರೆ ನಮ್ಮ ಸೀಮೆಯಲ್ಲಿ ನೆಲದ ಕೆಳಗೆ ಸುಣ್ಣದ ಕಲ್ಲು, ನೆಲದ ಮೇಲೆ ಬಿಸಿಲು. ಕಾಕಾ ಈ ಎರಡರ ನಡುವೆ ಬದುಕಿದವರು. ಅವರ ತಲೆಗೆ ಒಂದು ಬಿಳಿ ರುಮಾಲು ಇತ್ತು. ಮುಖಕ್ಕೆ ನೆರಳೆಂಬುದು ಇರಲಿಲ್ಲ.

2015ರ ದೀಪಾವಳಿಯ ಸುಮಾರಿಗೆ ಅವರ ಎಡಗೆನ್ನೆಯ ಮೇಲೆ, ಕಿವಿಯ ಮುಂದುಗಡೆ, ತೊಗರಿಕಾಳಿನಷ್ಟು ಒಂದು ಗಂಟು ಕಾಣಿಸಿಕೊಂಡಿತು. ಎಳ್ಳಮಾವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೋದಾಗ ಅದು ಬಾರೀಕಾಯಿಯಷ್ಟಾಗಿತ್ತು. ಕೆಂಪು ನೀಲಿ ಬೆರೆತ ಬಣ್ಣ, ಮೇಲೆ ಹೊಳಪು. ಡಾಕ್ಟರಿಗೆ ತೋರಿಸೋಣವೆಂದು ನಾನು ಹೇಳಿದರೆ, "ಬ್ಯಾನೀನೇ ಇಲ್ಲ, ಏನಂತ ತೋರಸೂದು?" ಎಂದು ನಕ್ಕರು. ಅವರ ಮಾತಿನಲ್ಲಿ ತರ್ಕವಿತ್ತು. ನಮ್ಮ ಕಡೆ ರೋಗಕ್ಕೂ ನೋವಿಗೂ ಇರುವುದು ಒಂದೇ ಶಬ್ದ—ಬ್ಯಾನಿ. ನೋವೇ ಇಲ್ಲದ ಮೇಲೆ ರೋಗ ಎಲ್ಲಿಂದ ಬರಬೇಕು!

ಕೊನೆಗೆ ತೋರಿಸಿದ್ದಾಯಿತು. ಕೊಬ್ಬಿನ ಗಂಟು ಎಂದು ಹೇಳಿ ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳುಹಿಸಲಿಲ್ಲ. ಯುಗಾದಿ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು, ಜೊತೆಗೆ ದವಡೆಯ ಕೆಳಗೆ ಇನ್ನೊಂದು. ನೆಂಟರೊಬ್ಬರ ಮಾತು ಕೇಳಿ ಚಿಂಚೋಳಿಯ ಕಡೆಯ ಒಂದು ಹಳ್ಳಿಗೆ ಹೋಗಿ ತಿಂಗಳೊಂದು ಸೊಪ್ಪಿನ ಲೇಪ ಹಾಕಿಸಿದೆವು. ಆಮೇಲೆ ಪಟ್ಟಣದ ದೊಡ್ಡ ಆಸ್ಪತ್ರೆ. ಅಲ್ಲಿ ಚೂರು ತೆಗೆದು ನೋಡಿ, ಇದು ಸಣ್ಣ ದುಂಡು ಜೀವಕೋಶಗಳ ಕ್ಯಾನ್ಸರು, ಶ್ವಾಸಕೋಶದಲ್ಲಿ ಹುಟ್ಟಿ ಇಲ್ಲಿಗೆ ಬಂದಿರಬೇಕು ಎಂದರು. ಕಲ್ಲಿನ ದೂಳು, ಬೀಡಿಯ ಹೊಗೆ—ನಾವೆಲ್ಲ ಒಡನೆಯೇ ನಂಬಿದೆವು. ಆದರೆ ಎದೆಯ ಚಿತ್ರ ತೆಗೆದರೆ ಶ್ವಾಸಕೋಶ ಸ್ವಚ್ಛವಾಗಿತ್ತು. ಆಗ ಒಬ್ಬ ತರುಣ ವೈದ್ಯರು, "ಇದರ ಮಾರ್ಕರ್ ನೋಡಿಸಬೇಕು" ಎಂದು ಹೇಳಿ, ಗಂಟಿನ ಚೂರನ್ನು ಹುದುಗಿಸಿದ್ದ ಮೇಣದ ತುಂಡೊಂದನ್ನು ಪುಟ್ಟ ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟರು. ವಾಡಿ ಜಂಕ್ಷನ್ನಿನಲ್ಲಿ ರಾತ್ರಿಯ ಗಾಡಿ ಹಿಡಿದು, ಉತ್ತರಪತ್ರಿಕೆಗಳ ಕಟ್ಟಿನ ಪಕ್ಕದಲ್ಲಿ ಆ ಡಬ್ಬಿಯನ್ನಿಟ್ಟುಕೊಂಡು, ಬೇರೊಂದು ಊರಿನ ಪ್ರಯೋಗಾಲಯಕ್ಕೆ ಒಯ್ದೆ. ಹತ್ತು ದಿನಕ್ಕೆ ಹೆಸರು ಬಂತು: ಮರ್ಕೆಲ್ ಜೀವಕೋಶದ ಕ್ಯಾನ್ಸರು.

ಕನ್ನಡ ಪಾಠ ಹೇಳುವವನಿಗೆ ಹೊಸ ಹೆಸರೊಂದು ಸಿಕ್ಕಿದರೆ ಅದರ ಬೇರು ಹುಡುಕದೆ ನಿದ್ದೆ ಬಾರದು. ಚಿಂತೆಯ ದಿನಗಳಲ್ಲಿ ಅದೊಂದು ಆಸರೆಯೂ ಹೌದು. ಆಗ ಓದಿ ತಿಳಿದುಕೊಂಡ ಚರಿತ್ರೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ವಾಡಿಯಿಂದ ಸೇಡಮ್ಮಿಗೆ ಬರುವ ಗಾಡಿ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣವನ್ನು ಹಾಯುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಕಾಗಿಣೆಯ ದಂಡೆಯ ಈ ಊರೆಂದರೆ ನಾವು ಕವಿರಾಜಮಾರ್ಗವನ್ನು ಮಾತ್ರ ನೆನೆಯುತ್ತೇವೆ. ಆದರೆ ನೃಪತುಂಗನ ಆಸ್ಥಾನದಲ್ಲಿ ವೈದ್ಯರೂ ಇದ್ದರು. ಉಗ್ರಾದಿತ್ಯನೆಂಬ ಜೈನಾಚಾರ್ಯ ಸಂಸ್ಕೃತದಲ್ಲಿ ಬರೆದ 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಗಿದೆ. ಮಾಂಸಾಹಾರದಿಂದ ಪ್ರಯೋಜನವಿಲ್ಲವೆಂದು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಆತ ವಾದಿಸಿದನೆಂಬ ಪ್ರಕರಣ ಅದರ ಕೊನೆಯಲ್ಲಿ ಬರುತ್ತದೆ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಇದೇ ಹೆಸರಿನ ಗ್ರಂಥವನ್ನು ಕನ್ನಡಕ್ಕೆ ತಂದ. ಅಂದಿನ ವೈದ್ಯರಿಗೆ ಇಂಥ ಗಂಟುಗಳು ತಿಳಿಯದ ಸಂಗತಿಯಲ್ಲ. ಅವರಿಗಿಂತಲೂ ಹಿಂದಿನ ಸುಶ್ರುತಸಂಹಿತೆಯೇ ಅದನ್ನು ಅರ್ಬುದವೆಂದು ಕರೆದು, ದುಂಡಗಿರುತ್ತದೆ, ಅಲುಗದು, ನೋವು ಕಡಿಮೆ, ಬೇರು ಆಳ, ಬೆಳವಣಿಗೆ ನಿಧಾನ, ಕೀವುಗಟ್ಟದು ಎಂದು ಲಕ್ಷಣ ಹೇಳಿದೆ. ಒಂದು ಅರ್ಬುದವಿದ್ದ ಜಾಗದಲ್ಲಿಯೇ ಮತ್ತೊಂದು ಹುಟ್ಟಿದರೆ ಅದಕ್ಕೆ ಅಧ್ಯರ್ಬುದವೆಂದು ಬೇರೆಯ ಹೆಸರನ್ನೇ ಕೊಟ್ಟಿದೆ. ಕಾಕಾರ ಗೆನ್ನೆ ನೆನಪಾಗಿ ನಾನು ಅಲ್ಲಿ ಪುಸ್ತಕ ಮುಚ್ಚಿಟ್ಟೆ. ಆದರೂ ಒಂದು ಮಾತು ಹೇಳಬೇಕು. ಈ ವೈದ್ಯರು ಹೇಳಿದ್ದು ಕಣ್ಣಿಗೂ ಬೆರಳಿಗೂ ತಿಳಿಯುವಷ್ಟನ್ನು. ಬೆಳವಣಿಗೆ ನಿಧಾನ ಎಂಬ ಒಂದು ಲಕ್ಷಣವಂತೂ ಕಾಕಾರ ಗಂಟಿಗೆ ಒಪ್ಪಲಿಲ್ಲ. ಎಲ್ಲವೂ ನಮ್ಮ ಹಿರಿಯರಿಗೆ ತಿಳಿದೇ ಇತ್ತೆಂಬ ವಾದ ನನಗೆ ಹಿಡಿಸದು. ಅವರು ಕಂಡದ್ದನ್ನು ಕಂಡಷ್ಟೇ ಬರೆದರೆಂಬುದೇ ಅವರ ಹಿರಿಮೆ.

ಗ್ರೀಕರೂ ಕಣ್ಣಿನಿಂದಲೇ ಹೆಸರಿಟ್ಟರು. ಸುತ್ತಲೂ ಹಬ್ಬಿದ ರಕ್ತನಾಳಗಳು ಏಡಿಯ ಕಾಲಿನಂತೆ ಕಂಡದ್ದರಿಂದ ಏಡಿಯ ಹೆಸರು. ಅದರಿಂದಲೇ ಕ್ಯಾನ್ಸರು, ಕನ್ನಡದಲ್ಲಿ ಏಡಿಹುಣ್ಣು, ಏಡಿಗಂತಿ. ಇವು ಒಳ್ಳೆಯ ಶಬ್ದಗಳು. ಬಳಕೆ ತಪ್ಪಿದ್ದಕ್ಕೆ ನನಗೆ ವ್ಯಸನವಿದೆ. ಆದರೆ ಏಡಿಗಳಲ್ಲಿ ಇದು ಯಾವ ಏಡಿ ಎಂದು ತಿಳಿಯಲು ಸೂಕ್ಷ್ಮದರ್ಶಕ ಬರಬೇಕಾಯಿತು.

ಫ್ರೀಡ್ರಿಖ್ ಮರ್ಕೆಲ್ (1845–1919) ಜರ್ಮನಿಯ ಅಂಗರಚನಾಶಾಸ್ತ್ರಜ್ಞ. ಕ್ಯಾನ್ಸರಿಗೂ ಆತನಿಗೂ ಏನೇನೂ ಸಂಬಂಧವಿಲ್ಲ. ರೋಸ್ಟಾಕ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದಾಗ, 1875ರಲ್ಲಿ, ಸಾಕುಪ್ರಾಣಿಗಳ ಮತ್ತು ಮನುಷ್ಯರ ಚರ್ಮದಲ್ಲಿ ನರದ ತುದಿಗೆ ಅಂಟಿಕೊಂಡಿರುವ ಕೆಲವು ಜೀವಕೋಶಗಳನ್ನು ಕಂಡು, ಇವು ಸ್ಪರ್ಶವನ್ನು ಅರಿಯುವ ಕೋಶಗಳಿರಬೇಕೆಂದು ಬರೆದ. ಆ ಊಹೆ ಸರಿಯೆಂದು ಪ್ರಯೋಗದಿಂದ ಸಿದ್ಧವಾಗಲು 2014 ಬರಬೇಕಾಯಿತು. ಸ್ಪರ್ಶದ ಒತ್ತಡವನ್ನು ಅರಿಯುವ ಪೀಜೋ ಎಂಬ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ನರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಮರ್ಕೆಲ್ ಕೋಶದಲ್ಲಿರುವುದು ಈ ಪೀಜೋಗಳಲ್ಲಿ ಒಂದು. ಮುಟ್ಟಿದ್ದನ್ನು ತಿಳಿಸುವ ಕೋಶದ ಹೆಸರು, ಮುಟ್ಟಿದರೂ ನೋಯದ ಗಂಟಿಗೆ ಅಂಟಿಕೊಂಡಿತು!

ಅಂಟಿಕೊಂಡದ್ದು ಹೀಗೆ. 1972ರಲ್ಲಿ ಸಿರಿಲ್ ಟೋಕರ್ ಎಂಬ ರೋಗಶಾಸ್ತ್ರಜ್ಞ ಐದು ಮಂದಿ ರೋಗಿಗಳ ಗಂಟುಗಳನ್ನು ಪರಿಶೀಲಿಸಿ, ಇದುವರೆಗೆ ಯಾರೂ ಗುರುತಿಸದ ಚರ್ಮದ ಕ್ಯಾನ್ಸರಿದು ಎಂದು ವರದಿಮಾಡಿದ. ಬೆವರಿನ ಗ್ರಂಥಿಯಿಂದ ಹುಟ್ಟಿರಬಹುದೆಂದು ಮೊದಲು ಭಾವಿಸಿದ್ದ. 1978ರಲ್ಲಿ ಟಾಂಗ್ ಎಂಬವರೊಡನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮರ್ಕೆಲ್ ಕೋಶಗಳಲ್ಲಿ ಇರುವಂಥವೇ ಕಪ್ಪು ಕಣಗಳು ಇದರಲ್ಲಿಯೂ ಕಂಡವು. 1980ರ ಹೊತ್ತಿಗೆ ಮರ್ಕೆಲನ ಹೆಸರು ನಿಂತಿತು. ಈ ಕ್ಯಾನ್ಸರು ನಿಜವಾಗಿ ಮರ್ಕೆಲ್ ಕೋಶದಿಂದಲೇ ಹುಟ್ಟುತ್ತದೆಯೆಂಬುದನ್ನು ಈಗ ಅನೇಕರು ಒಪ್ಪುವುದಿಲ್ಲ. ಆದರೆ ಹೆಸರು ಒಮ್ಮೆ ನಿಂತರೆ ಕೀಳುವುದು ಕಷ್ಟ, ನಮ್ಮ ಊರುಗಳ ಹೆಸರಿನ ಹಾಗೆಯೇ.

ನಮ್ಮ ದೇಶದ ರೋಗಶಾಸ್ತ್ರಜ್ಞರು ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನೂ ಹೇಳಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವಿ. ಆರ್. ಖಾನೋಲ್ಕರರು 1945ರಷ್ಟು ಹಿಂದೆಯೇ ಸೊಂಟಕ್ಕೆ ಬಿಗಿದ ಧೋತರದ ಅಂಚು ಉಜ್ಜಿ ಉಜ್ಜಿ ಬರುವ ಚರ್ಮದ ಕ್ಯಾನ್ಸರನ್ನು ವರ್ಣಿಸಿದ್ದರು. ಆದರೆ ಅದು ಬೇರೆ ಜಾತಿ. ಮರ್ಕೆಲ್ ಕ್ಯಾನ್ಸರು ಮುಖ್ಯವಾಗಿ ಬಿಳಿಯ ಚರ್ಮದ ಮುದುಕರಲ್ಲಿ ಕಾಣುವಂಥದು. ಕಂದು ಚರ್ಮದ ನಮ್ಮಲ್ಲಿ ಬಹಳ ಅಪರೂಪ. ಅಪರೂಪವೆಂಬುದೇ ರೋಗಿಗೆ ಶತ್ರುವಾಗುತ್ತದೆ. ನೋಡಿರದ ವಸ್ತುವನ್ನು ಯಾರು ತಾನೇ ಗುರುತಿಸಿಯಾರು?

ಇನ್ನು ಆ 'ಮಾರ್ಕರ್' ಎಂಬುದರ ವಿಚಾರ. ಸೂಕ್ಷ್ಮದರ್ಶಕದಲ್ಲಿ ಇದು ಸಣ್ಣ ದುಂಡು ಕೋಶಗಳ ಗುಂಪು. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರೂ ಹಾಗೆಯೇ ಕಾಣುತ್ತದೆ. ರೂಪ ನೋಡಿ ಹೇಳುವಂತಿಲ್ಲ. ನಮ್ಮಲ್ಲಿ ಒಂದು ವಚನ ಹಾಳೆಯೊಂದರಲ್ಲಿ ಬಿಡಿಯಾಗಿ ಸಿಕ್ಕಿದರೆ ಏನು ಮಾಡುತ್ತೇವೆ? ಭಾಷೆ ಎಲ್ಲ ಶರಣರದೂ ಹೆಚ್ಚು ಕಡಿಮೆ ಒಂದೇ. ಕೊನೆಯ ಅಂಕಿತ ನೋಡುತ್ತೇವೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕ. ಜೀವಕೋಶಗಳಿಗೂ ಇಂಥ ಅಂಕಿತಗಳಿವೆ. ಅವೇ ಕೆಲವು ಪ್ರೋಟೀನುಗಳು. ನಾವು ಶಾಲೆಯಲ್ಲಿ ಸಸಾರಜನಕವೆಂದು ಓದಿದ ವಸ್ತುವೇ ಇದು. ಒಂದೊಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ದ್ರವ್ಯವನ್ನು ತಯಾರಿಸಿ, ಅದಕ್ಕೆ ಬಣ್ಣ ಕೂಡಿಸಿ, ಮೇಣದ ತುಂಡಿನಿಂದ ಎಳೆ ತೆಳುವಾಗಿ ಕೊಯ್ದ ಪದರದ ಮೇಲೆ ಹಾಕುತ್ತಾರೆ. ಆ ಪ್ರೋಟೀನು ಇದ್ದರೆ ಬಣ್ಣ ನಿಲ್ಲುತ್ತದೆ, ಇಲ್ಲದಿದ್ದರೆ ತೊಳೆದುಹೋಗುತ್ತದೆ.

ಸೈಟೋಕೆರಾಟಿನ್ 20 ಎಂಬ ಪ್ರೋಟೀನು ಈ ಕ್ಯಾನ್ಸರಿನ ಅಂಕಿತವೆಂದು 1992ರಲ್ಲಿ ಜರ್ಮನಿಯ ರೋಲಾಂಡ್ ಮೋಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕೋಶದ ತುಂಬ ಹರಡದೆ, ಕೋಶಕೇಂದ್ರದ ಪಕ್ಕದಲ್ಲಿ ಒಂದು ಬಿಂದುವಿನಂತೆ ಅದು ಬಣ್ಣ ಹಿಡಿಯುವುದು ಈ ರೋಗದ ವೈಶಿಷ್ಟ್ಯ. ಶ್ವಾಸಕೋಶದ ಕಡೆಯ ಅಂಕಿತ ಬೇರೆ. ಟಿಟಿಎಫ್-1 ಎಂದು ಅದರ ಹೆಸರು. ಕಾಕಾರ ವರದಿಯಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ ಎಂದಿತ್ತು. ಅಷ್ಟರಿಂದ ಶ್ವಾಸಕೋಶದ ಮೇಲಿನ ಆರೋಪ ವಜಾ ಆಯಿತು. ಅಂಕಿತವೊಂದನ್ನೇ ನಂಬಿ ಕೆಟ್ಟ ಸಂಪಾದಕರು ನಮ್ಮಲ್ಲಿ ಉಂಟು. ಕಳ್ಳ ವಚನಗಳಿಗೂ ಅಂಕಿತವಿರುತ್ತದೆ. ಆದುದರಿಂದ ರೋಗಶಾಸ್ತ್ರಜ್ಞರೂ ಒಂದಕ್ಕೆ ನಿಲ್ಲದೆ ನಾಲ್ಕಾರು ಪ್ರೋಟೀನುಗಳನ್ನು ಒಟ್ಟಿಗೆ ನೋಡುತ್ತಾರೆ.

ಈ ಕಥೆಯಲ್ಲಿ ವೈರಸ್ಸು ಪ್ರವೇಶಿಸುವುದು ಕೊನೆಯ ಅಂಕದಲ್ಲಿ. ಲ್ಯಾಟಿನ್ನಿನ ವೈರಸ್ಸೂ ನಮ್ಮ ವಿಷವೂ ಒಂದೇ ಮೂಲದ ಶಬ್ದಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಖಗೇಂದ್ರಮಣಿದರ್ಪಣ ಬರೆದ ಮಂಗರಾಜನಿಗೆ ಇದು ತಿಳಿದಿದ್ದರೆ ಇನ್ನೊಂದು ಅಧಿಕಾರವನ್ನು ಸೇರಿಸುತ್ತಿದ್ದನೋ ಏನೋ. ಕೋಳಿಗೆ ಬರುವ ಒಂದು ಕ್ಯಾನ್ಸರಿಗೆ ವೈರಸ್ಸು ಕಾರಣವೆಂದು ಪೇಟನ್ ರೌಸ್ 1911ರಲ್ಲಿಯೇ ಹೇಳಿದರೂ ಲೋಕ ಅದಕ್ಕೆ ನೊಬೆಲ್ ಕೊಟ್ಟದ್ದು 1966ರಲ್ಲಿ. ಮರ್ಕೆಲ್ ಕ್ಯಾನ್ಸರಿನ ವಿಷಯದಲ್ಲಿ ಸುಳಿವು ಕೊಟ್ಟದ್ದು ಏಡ್ಸ್ ರೋಗ. ಏಡ್ಸ್ ಇದ್ದವರಲ್ಲಿ ಇದು ಉಳಿದವರಿಗಿಂತ ಹದಿಮೂರು ಪಟ್ಟು ಹೆಚ್ಚೆಂದು 2002ರಲ್ಲಿ ಲೆಕ್ಕ ಸಿಕ್ಕಿತು. ದೇಹದ ಕಾವಲು ತಗ್ಗಿದಾಗ ಬರುವುದಾದರೆ ಒಳಗೆ ನುಗ್ಗಿದವನು ಯಾರೋ ಇರಬೇಕಷ್ಟೆ?

ಹುಡುಕಿದವರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಎಂಬ ದಂಪತಿಗಳು. ಏಡ್ಸ್ ರೋಗಿಗಳಿಗೆ ಬರುವ ಕಪೋಸಿ ಎಂಬ ಇನ್ನೊಂದು ಕ್ಯಾನ್ಸರಿನ ವೈರಸ್ಸನ್ನು 1994ರಲ್ಲಿ ಕಂಡವರೂ ಇವರೇ. ಇವರ ವಿಧಾನವನ್ನು ಓದಿದಾಗ ನನಗೆ ಬೆರಗಾಯಿತು. ಅದು ನಾವು ಮಾಡುವ ಗ್ರಂಥಸಂಪಾದನೆಯೇ! ನಾಲ್ಕು ಗಂಟುಗಳಿಂದ ಜೀವಾಕ್ಷರಗಳ ಸುಮಾರು 4 ಲಕ್ಷ ಸಾಲುಗಳನ್ನು ಓದಿದರು. ಮನುಷ್ಯನ ಮೂಲಪಾಠದಲ್ಲಿ ಇರುವ ಸಾಲುಗಳನ್ನೆಲ್ಲ ಗಣಕಯಂತ್ರದಿಂದ ಹೊಡೆದುಹಾಕಿದರು. ಉಳಿದದ್ದರಲ್ಲಿ ಒಂದು ಸಾಲು, ಆಫ್ರಿಕದ ಕೋತಿಯೊಂದರ ವೈರಸ್ಸಿನ ಪಾಠವನ್ನು ಹೋಲುತ್ತಿತ್ತು. ಲಕ್ಷಾಂತರ ಸಾಲುಗಳ ನಡುವೆ ಸಿಕ್ಕ ಆ ಒಂದು ಪ್ರಕ್ಷಿಪ್ತದ ಎಳೆ ಹಿಡಿದು ಹೊಸದೊಂದು ವೈರಸ್ಸನ್ನು ಪೂರ್ಣವಾಗಿ ಹೊರತೆಗೆದರು. ಅದರ ಇಡೀ ಗ್ರಂಥ ಸುಮಾರು 5,400 ಅಕ್ಷರಜೋಡಿಗಳಷ್ಟೆ. ಫೆಂಗ್, ಶುಡಾ ಎಂಬ ಸಹೋದ್ಯೋಗಿಗಳೊಡನೆ 2008ರಲ್ಲಿ ಅದನ್ನು ಪ್ರಕಟಿಸಿದರು. ಪರೀಕ್ಷಿಸಿದ 10 ಗಂಟುಗಳಲ್ಲಿ 8ರಲ್ಲಿ ಈ ವೈರಸ್ಸು ಇತ್ತು.

ಇತ್ತು ಎಂದ ಮಾತ್ರಕ್ಕೆ ಕಾರಣವಾಯಿತೆ? ಹುಣ್ಣಿನ ಮೇಲೆ ಆಮೇಲೆ ನೊಣ ಬಂದು ಕೂರುವಂತೆ ಇದೂ ಬಂದಿರಬಹುದಲ್ಲ? ಇದಕ್ಕೆ ಅವರ ಉತ್ತರವೇ ಈ ಚರಿತ್ರೆಯ ರತ್ನ. ಆ ಎಂಟರಲ್ಲಿ ಆರು ಗಂಟುಗಳಲ್ಲಿ ವೈರಸ್ಸಿನ ಪಾಠ ರೋಗಿಯ ಕೋಶದ ಮೂಲಪಾಠದೊಳಗೇ ಸೇರಿಹೋಗಿತ್ತು. ಅದೂ ಒಂದು ಗಂಟಿನ ಕೋಶಗಳಲ್ಲೆಲ್ಲ ಒಂದೇ ಮಾದರಿಯಾಗಿ. ಒಂದು ಕಾವ್ಯದ ಹತ್ತು ಓಲೆಪ್ರತಿಗಳಲ್ಲಿಯೂ ಅದೇ ಪದ್ಯದ ಮುಂದೆ ಅದೇ ಪ್ರಕ್ಷಿಪ್ತ ಪದ್ಯವಿದ್ದರೆ ನಾವು ಏನು ತೀರ್ಮಾನಿಸುತ್ತೇವೆ? ಹತ್ತೂ ಪ್ರತಿಗಳ ಮಾತೃಪ್ರತಿ ಒಂದೇ, ಆ ಪದ್ಯ ಸೇರಿದ್ದು ನಕಲು ಶುರುವಾಗುವ ಮೊದಲೇ, ಎಂದಲ್ಲವೆ? ಇಲ್ಲಿಯೂ ಹಾಗೆಯೇ. ಮೊದಲು ಒಂದು ಕೋಶದೊಳಗೆ ವೈರಸ್ಸು ಸೇರಿತು. ಆಮೇಲೆ ಆ ಕೋಶ ಲಕ್ಷೋಪಲಕ್ಷವಾಗಿ ಒಡೆದು ಗಂಟಾಯಿತು. ಸೇರಿದ ಪಾಠವೂ ತುಂಡಾದದ್ದು: ವೈರಸ್ಸು ತನ್ನನ್ನು ತಾನು ಹೆಚ್ಚಿಸಿಕೊಳ್ಳುವ ಭಾಗ ಹರಿದುಹೋಗಿರುತ್ತದೆ, ಕೋಶದ ಕಡಿವಾಣವನ್ನು ಕಳಚುವ ಭಾಗ ಉಳಿದಿರುತ್ತದೆ. ಹೀಗೆ ಉಳಿದ ವೈರಸ್ಸಿನ ಪ್ರೋಟೀನೇ ಇನ್ನೊಂದು ಅಂಕಿತವಾಗಿ, ಬಣ್ಣ ಹಾಕಿ ಅದನ್ನೂ ನೋಡುವ ಕ್ರಮ ಬಂದಿದೆ.

ಈ ವೈರಸ್ಸಿನ ಮಾತನ್ನು ನಾನು ಮನೆಯಲ್ಲಿ ಆಡಬಾರದಾಗಿತ್ತು. ಓದಿದ ಹುರುಪಿನಲ್ಲಿ ಶಹಾಬಾದಿಗೆ ಹೋದಾಗ ಹೇಳಿಬಿಟ್ಟೆ. ಮುಂದಿನ ವಾರ ಹೋಗಿ ನೋಡುತ್ತೇನೆ: ಕಾಕಾರ ತಾಟು, ತಂಬಿಗೆ ಬೇರೆಯಾಗಿ ಕಿಟಕಿಯಲ್ಲಿ ಕುಳಿತಿವೆ, ಚಿತ್ತಾಪುರದ ಮಗಳು ಮೊಮ್ಮಕ್ಕಳನ್ನು ಕರೆತರುವುದು ನಿಂತಿದೆ. ಕಾಕಾ ಏನೂ ಅನ್ನಲಿಲ್ಲ. ಗೋಡೆಯ ಕಡೆ ಮುಖಮಾಡಿ ಮಲಗಿದ್ದರು. ನನ್ನ ಅರೆಬರೆ ವಿದ್ಯೆ ಮಾಡಿದ ಕೆಲಸವಿದು.

ಅಂದು ಕಾಕಿಯ ಮುಂದೆ ಕುಳಿತು, ಪಾಠ ಹೇಳುವುದಕ್ಕಿಂತ ಕಷ್ಟಪಟ್ಟು ತಿಳಿಸಿದೆ. ಈ ವೈರಸ್ಸು ಅಪರೂಪದ್ದಲ್ಲ; ಅಪರೂಪದ್ದು ರೋಗ. ರಕ್ತ ಪರೀಕ್ಷೆ ಮಾಡಿ ನೋಡಿದ ಕಡೆಗಳಲ್ಲಿ, ಬೆಳೆದ ಮನುಷ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಂದೋ ಇದು ತಗುಲಿ ಹೋದ ಗುರುತಿದೆ. ಆರೋಗ್ಯವಂತರ ಚರ್ಮದ ಮೇಲೆಯೇ ಅದು ಸುಮ್ಮನೆ ವಾಸಿಸುತ್ತದೆ. ಗಂಟಿನಿಂದ ಇನ್ನೊಬ್ಬರಿಗೆ ಗಂಟು ಅಂಟುವುದಿಲ್ಲ. ಗಂಟಿನೊಳಗಿನ ವೈರಸ್ಸಿಗೆ ಹೊರಗೆ ಬರುವ ಶಕ್ತಿಯೇ ಹೋಗಿರುತ್ತದೆ. "ಹಂಗಾದ್ರ ನನ್ನ ಮೈಮ್ಯಾಲೂ ಅದ ಅಂತೀಯೇನು ತಮ್ಮಾ?" ಎಂದರು ಕಾಕಿ. "ಇರಬಹುದು ಕಾಕಿ, ನನ್ನ ಮೈಮ್ಯಾಲೂ ಇದ್ದೀತು" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಎದ್ದು ಹೋಗಿ, ಕಿಟಕಿಯ ತಾಟನ್ನು ತೊಳೆದು ಉಳಿದ ತಾಟುಗಳ ನಡುವೆ ಇಟ್ಟರು.

ಕಾಕಾರ ಗಂಟಿನಲ್ಲಿ ವೈರಸ್ಸು ಇತ್ತೆ ಎಂದು ಯಾರೂ ನೋಡಲಿಲ್ಲ. ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲವೆಂದರು. ಈ ಕ್ಯಾನ್ಸರಿನಲ್ಲಿ ಎರಡು ಬಗೆಗಳಿವೆ. ವೈರಸ್ಸಿನಿಂದ ಬಂದುದರಲ್ಲಿ ಜೀವಾಕ್ಷರಗಳ ತಪ್ಪುಗಳು ಕಡಿಮೆ. ವೈರಸ್ಸಿಲ್ಲದ್ದರಲ್ಲಿ ಬಿಸಿಲಿನ ಅತಿನೇರಳೆ ಕಿರಣ ಮಾಡಿದ ತಪ್ಪುಗಳು ರಾಶಿ ರಾಶಿ. ಬಿಸಿಲು ಕಾಯುವ ಆಸ್ಟ್ರೇಲಿಯದ ಬಿಳಿಯರಲ್ಲಿ ಎರಡನೆಯದೇ ಹೆಚ್ಚು. ಮೂವತ್ತು ವರ್ಷ ಕಲ್ಲಿನ ಮೇಲಿನ ಬಿಸಿಲನ್ನು ಮುಖಕ್ಕೆ ಹಿಡಿದವರ ಗೆನ್ನೆಯ ಗಂಟು ಯಾವ ಬಗೆಯದು? ನನ್ನ ತಮ್ಮ ಬಿಸಿಲು ಎನ್ನುತ್ತಾನೆ. ನಾನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

ಕೊಬ್ಬಿನ ಗಂಟೆಂದು ಹೇಳಿ ಕಳುಹಿಸಿದ ವೈದ್ಯರ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಅದೇ 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 195 ರೋಗಿಗಳ ಇನ್ನೊಂದು ಅಧ್ಯಯನವನ್ನು ಓದಿದ ಮೇಲೆ ಅದು ತಣ್ಣಗಾಯಿತು. ನೂರಕ್ಕೆ 88 ಮಂದಿಗೆ ಗಂಟು ನೋಯುತ್ತಿರಲಿಲ್ಲ. ನೂರಕ್ಕೆ 56ರಲ್ಲಿ ವೈದ್ಯರು ಮೊದಲು ಊಹಿಸಿದ್ದು ನಿರಪಾಯದ ಗಂಟೆಂದೇ. ಸಕಲ ಸೌಕರ್ಯಗಳಿರುವ ದೇಶದ ಮಾತಿದು. ಆ ಅಧ್ಯಯನದವರು ಇಂಗ್ಲಿಷಿನ ಐದು ಸ್ವರಾಕ್ಷರಗಳನ್ನು ಹಿಡಿದು ಒಂದು ನೆನಪಿನ ಸೂತ್ರ ಕಟ್ಟಿದ್ದಾರೆ: ನೋವಿಲ್ಲದಿರುವುದು, ಬೇಗ ಬೆಳೆಯುವುದು, ದೇಹದ ಕಾವಲು ಕುಗ್ಗಿರುವುದು, ವಯಸ್ಸು ಐವತ್ತು ದಾಟಿರುವುದು, ಬಿಸಿಲು ಬಿದ್ದ ಜಾಗ. ಹತ್ತರಲ್ಲಿ ಒಂಬತ್ತು ರೋಗಿಗಳಿಗೆ ಇವುಗಳಲ್ಲಿ ಮೂರಾದರೂ ಇದ್ದವು. ಕಾಕಾರಿಗೆ ನಾಲ್ಕು ಇದ್ದವು. ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸಬೇಕಾಗಿತ್ತೆಂಬ ಮಾತನ್ನು ಮಾತ್ರ ನಾನು ಹಿಂತೆಗೆದುಕೊಳ್ಳಲಾರೆ.

ಹೆಸರು ಬಂದ ಮೇಲೆ ಶಸ್ತ್ರಕ್ರಿಯೆ, ಕಿರಣ ಚಿಕಿತ್ಸೆ ಎರಡೂ ಆದವು. ಕೆಲವು ತಿಂಗಳು ಗಂಟು ಅಡಗಿತು. ಕಾಕಾ ಮತ್ತೆ ರುಮಾಲು ಸುತ್ತಿಕೊಂಡು ಬಜಾರಿಗೆ ಹೋಗಿಬಂದರು. ಆಮೇಲೆ ಯಕೃತ್ತಿನಲ್ಲಿ ಕಾಣಿಸಿತು. 2017ರ ಫೆಬ್ರವರಿಯಲ್ಲಿ ತೀರಿಕೊಂಡರು. ಹರಡಿದ ಮರ್ಕೆಲ್ ಕ್ಯಾನ್ಸರಿಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧ, ದೇಹದ ಕಾವಲನ್ನು ಮತ್ತೆ ಎಚ್ಚರಿಸುವ ಅವೆಲುಮಾಬ್, ಅಮೆರಿಕದಲ್ಲಿ ಹೊರಬಂದದ್ದು ಅದರ ಮುಂದಿನ ತಿಂಗಳು, ಮಾರ್ಚಿನಲ್ಲಿ. ಬಂದಿದ್ದರೂ ಅದರ ಬೆಲೆ ನಮಗೆ ನಿಲುಕುವಂಥದಾಗಿರಲಿಲ್ಲ.

ವರ್ಷದ ಪುಣ್ಯತಿಥಿಗೆ ಶಹಾಬಾದಿಗೆ ಹೋಗಿದ್ದೆ. ಚಿತ್ತಾಪುರದಿಂದ ಮಗಳು, ಮೊಮ್ಮಕ್ಕಳು ಬಂದಿದ್ದರು. ಕಾಕಿ ಜೋಳದ ರೊಟ್ಟಿ, ಪುಂಡಿಪಲ್ಲೆ ಮಾಡಿ, ಕಾಕಾರ ತಾಟಿನಲ್ಲಿಯೇ ನನಗೆ ಬಡಿಸಿದರು.